ರಾಶಿ, ಕಂತೆ, ಹಿಂಡು: ಸಮೂಹಪದಗಳೂ ಶಾಲೆಯ ಹೊಣೆಯೂ

ಪ್ರಪಂಚದಲ್ಲಿ ವಸ್ತುಗಳು ಒಂಟಿಯಾಗಿ ಇರುವುದಕ್ಕಿಂತ ಕೂಡಿ ಇರುವುದೇ ಹೆಚ್ಚು. ಕಾಳು ಕೂಡಿದರೆ ರಾಶಿ, ಹುಲ್ಲು ಕೂಡಿದರೆ ಬಣವೆ, ಕುರಿ ಕೂಡಿದರೆ ಮಂದೆ, ನಂಟರು ಕೂಡಿದರೆ ಬಳಗ. ಹೀಗೆ ಕೂಡಿದುದಕ್ಕೆ ಬೇರೆಬೇರೆ ಹೆಸರಿಡುವುದು ಎಲ್ಲ ಭಾಷೆಗಳಲ್ಲಿಯೂ ಕಂಡುಬರುವ ಸ್ವಭಾವ. ಒಂದು ಜನಾಂಗವು ಯಾವ ಕೂಟವನ್ನು ಯಾವ ಹೆಸರಿನಿಂದ ಕರೆಯಿತು ಎಂಬುದನ್ನು ನೋಡಿದರೆ ಆ ಜನಾಂಗವು ಏನನ್ನು ಬೆಳೆಯಿತು, ಏನನ್ನು ಹೊತ್ತಿತು, ಏನನ್ನು ಮಾರಿತು, ಯಾರೊಡನೆ ಕುಳಿತು ಉಂಡಿತು ಎಂಬುದು ತಿಳಿಯುತ್ತದೆ. ಆದುದರಿಂದ ಈ ಪದಗಳ ವಿಚಾರವು ವ್ಯಾಕರಣದ ಒಂದು ಮೂಲೆಯ ವಿಚಾರವೆಂದು ತಳ್ಳಿಹಾಕತಕ್ಕದ್ದಲ್ಲ.

ಇಂದು ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಯಾವುದಾದರೊಂದು ಪ್ರಾಥಮಿಕ ಶಾಲೆಯ ಇಂಗ್ಲಿಷ್ ಪಾಠದ ಹೊತ್ತಿನಲ್ಲಿ ಬಾಗಿಲ ಬಳಿ ನಿಂತು ಕೇಳಿದರೆ ಒಂದು ಪಟ್ಟಿಯು ಕಿವಿಗೆ ಬೀಳುವುದು. ಎ ಪ್ರೈಡ್ ಆಫ್ ಲಯನ್ಸ್, ಎ ಸ್ಕೂಲ್ ಆಫ್ ಫಿಶ್, ಎ ಪ್ಯಾಕ್ ಆಫ್ ವುಲ್ವ್ಸ್, ಎ ಬಂಚ್ ಆಫ್ ಗ್ರೇಪ್ಸ್ ಎಂದು ಮಕ್ಕಳು ರಾಗವಾಗಿ ಒಪ್ಪಿಸುತ್ತಾರೆ. 2007ರಿಂದ ಸರಕಾರಿ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ತೊಡಗಿದ ಮೇಲೆ ಈ ಪಟ್ಟಿಯು ಹಳ್ಳಿಯ ಶಾಲೆಗಳನ್ನೂ ಹೊಕ್ಕಿದೆ. ಪಟ್ಟಿಯನ್ನು ತಪ್ಪಿಲ್ಲದೆ ಒಪ್ಪಿಸಿದ ಮಗು ಜಾಣ ಮಗು. ತಡವರಿಸಿದ ಮಗು ದಡ್ಡ. ತಡವರಿಸುವ ಮಗು ಕೃಷಿ ಮಾರುಕಟ್ಟೆಯ ಹಮಾಲರ ಮನೆಯದೋ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರ ಮನೆಯದೋ, ಭದ್ರಾ ಕಾಲುವೆಯ ಬಯಲಿನ ಭತ್ತದ ರೈತನ ಮನೆಯದೋ ಆಗಿರುವುದುಂಟು. ಸಿಂಹಗಳ ಗುಂಪಿನ ಹೆಸರನ್ನು ಅರಿಯದ ಆ ಮಗುವಿಗೆ ಕಾಳು, ಕಡ್ಡಿ, ಹುಲ್ಲು, ಹೂವು, ಗೊಬ್ಬರಗಳ ಕೂಟಕ್ಕೆ ಸಲ್ಲುವ ಹತ್ತಾರು ಹೆಸರುಗಳು ಗೊತ್ತಿರುತ್ತವೆ. ಆ ಹತ್ತಕ್ಕೆ ಶಾಲೆಯಲ್ಲಿ ಒಂದು ಅಂಕವೂ ಇಲ್ಲ. ವಿಚಾರಕ್ಕೆ ಎಡೆಮಾಡಿಕೊಡುವ ಸಂಗತಿ ಇದು.

ಮೊದಲಿಗೆ ಆ ಇಂಗ್ಲಿಷ್ ಪಟ್ಟಿಯ ಕುಲವನ್ನೇ ವಿಚಾರಿಸಬಹುದು. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಎಂಬ ಊರಿನಲ್ಲಿ 1486ರಲ್ಲಿ ಒಂದು ಪುಸ್ತಕವು ಅಚ್ಚಾಯಿತು. ಗಿಡುಗ ಸಾಕುವುದು, ಬೇಟೆಯಾಡುವುದು, ಮನೆತನಗಳ ಲಾಂಛನ ಇವುಗಳನ್ನು ಕುರಿತ ಆ ಪುಸ್ತಕದಲ್ಲಿ ಮೃಗಪಕ್ಷಿಗಳ ಗುಂಪುಗಳಿಗೆ ಯಾವ ಯಾವ ಹೆಸರು ಎಂಬ ಒಂದು ದೀರ್ಘವಾದ ಪಟ್ಟಿಯಿದೆ. ಕುಲೀನರು ಬೇಟೆಯ ಮಾತಿನಲ್ಲಿ ತಪ್ಪಬಾರದು, ತಪ್ಪಿದವನು ಕುಲೀನನಲ್ಲ ಎಂಬ ಕಾಲದ ಪಟ್ಟಿ ಅದು. ಸಿಂಹಗಳ ಗುಂಪಿಗೆ ಗರ್ವವೆಂದು, ಕಾಗೆಗಳ ಗುಂಪಿಗೆ ಕೊಲೆಯೆಂದು, ಬಾನಾಡಿಗಳ ಗುಂಪಿಗೆ ಉನ್ನತಿಯೆಂದು ಹೆಸರಿಟ್ಟದ್ದು ಅಲ್ಲಿ ಕಾಣುತ್ತದೆ. ಪಟ್ಟಿಯು ಮೃಗಪಕ್ಷಿಗಳಿಗೆ ನಿಲ್ಲದೆ ಹೆಂಗಸರು, ಸಂನ್ಯಾಸಿಗಳು, ಸಂನ್ಯಾಸಿನಿಯರು ಮೊದಲಾದವರನ್ನೂ ಎಳೆದುತಂದು ಅವರ ಗುಂಪುಗಳಿಗೆ ಕುಚೋದ್ಯದ ಹೆಸರುಗಳನ್ನು ಅಂಟಿಸಿದೆ. ಅಂದರೆ ಅದರಲ್ಲಿ ಅರ್ಧ ಬೇಟೆಗಾರರ ಶಿಷ್ಟಾಚಾರ, ಅರ್ಧ ವಿನೋದ. ಐದು ಶತಮಾನಗಳ ಹಿಂದಿನ ಆ ವಿನೋದದ ಚೂರುಪಾರುಗಳನ್ನು ತುಂಗಭದ್ರೆಯ ದಡದ ಮಕ್ಕಳು ಇಂದು ಗಂಭೀರವಾಗಿ ಕಂಠಪಾಠ ಮಾಡುತ್ತಿದ್ದಾರೆ. ಕಾಗೆಗಳ ಗುಂಪನ್ನು ಕೊಲೆಯೆಂದು ಕರೆಯುವುದು ಇಂಗ್ಲಿಷರ ನಿತ್ಯದ ಮಾತಿನಲ್ಲಿಯೂ ಅಪರೂಪವೇ.

ಹಾಗೆಂದು ಇಂಗ್ಲಿಷಿನ ಸಮೂಹಪದಗಳೆಲ್ಲ ಇಂಥವೇ ಎಂದು ತಿಳಿಯಬಾರದು. ಆ ಭಾಷೆಯಲ್ಲಿ ಜೀವಂತವಾಗಿರುವ, ದಿನವೂ ಬೇಕಾಗುವ ಪದಗಳು ಅನೇಕ. ಹೀಪ್, ಪೈಲ್, ಸ್ಟ್ಯಾಕ್ ಎಂಬ ಮೂರನ್ನೇ ನೋಡಬಹುದು. ಹೀಪ್ ಎಂದರೆ ಕ್ರಮವಿಲ್ಲದೆ ಸುರಿದು ಗುಡ್ಡೆಯಾದದ್ದು. ಪೈಲ್ ಎಂಬುದು ಲ್ಯಾಟಿನ್ನಿನ ಕಂಬವೆಂಬ ಅರ್ಥದ ಪದದಿಂದ ಬಂದದ್ದಾದುದರಿಂದ ಅದರಲ್ಲಿ ಒಂದರ ಮೇಲೊಂದು ಏರಿಸಿದ ಎತ್ತರದ ಭಾವವಿದೆ. ಸ್ಟ್ಯಾಕ್ ಎಂಬುದು ಹಳೆಯ ನಾರ್ಸ್ ಭಾಷೆಯಲ್ಲಿ ಹುಲ್ಲಿನ ಬಣವೆಯ ಹೆಸರು. ಇಂದಿಗೂ ಅದು ಅಚ್ಚುಕಟ್ಟಾಗಿ ಪೇರಿಸಿದ್ದಕ್ಕೆ ಸಲ್ಲುತ್ತದೆ. ಕೊಯ್ದು ಕಟ್ಟಿದ ತೆನೆಯ ಕಟ್ಟಿಗೆ ಶೀಫ್ ಎಂದೂ, ಆ ಕಟ್ಟುಗಳನ್ನು ಹೊಲದಲ್ಲಿ ಒಂದಕ್ಕೊಂದು ಆತು ನಿಲ್ಲಿಸಿ ಒಣಗಿಸುವ ಗುಂಪಿಗೆ ಸ್ಟೂಕ್ ಎಂದೂ, ಬಣವೆಗೆ ರಿಕ್ ಎಂದೂ ಇಂಗ್ಲೆಂಡಿನ ರೈತರು ಕರೆದರು. ಇವು ಕುಲೀನರ ಬೇಟೆಯ ಪಟ್ಟಿಯಿಂದ ಬಂದವಲ್ಲ; ಹೊಲದಿಂದಲೂ ಹಗೇವಿನಿಂದಲೂ ಬಂದವು. ಯಂತ್ರಗಳು ಬಂದ ಮೇಲೆ ಸ್ಟೂಕ್ ಎಂಬ ಪದವು ಇಂಗ್ಲೆಂಡಿನ ಪಟ್ಟಣದ ಮಕ್ಕಳಿಗೂ ಅಪರಿಚಿತವಾಗಿದೆ.

ಸ್ಕೂಲ್ ಆಫ್ ಫಿಶ್ ಎಂಬುದಂತೂ ಶಾಲೆಯವರಿಗೆ ವಿಶೇಷ ಕುತೂಹಲದ್ದು. ಮೀನುಗಳ ಸ್ಕೂಲಿಗೂ ಮಕ್ಕಳ ಸ್ಕೂಲಿಗೂ ನಂಟಿಲ್ಲ. ಮೀನುಗಳದು ಡಚ್ ಭಾಷೆಯ ಮೂಲದಿಂದ ಬಂದದ್ದು, ತಂಡವೆಂಬುದು ಅದರ ಅರ್ಥ. ಮಕ್ಕಳದು ಗ್ರೀಕ್ ಮೂಲದ್ದು, ಅದರ ಮೊದಲ ಅರ್ಥ ಬಿಡುವು. ಬಿಡುವಿನಲ್ಲಿ ಕೂತು ವಿಚಾರಿಸುವ ತಾಣವೇ ಶಾಲೆಯೆಂದು ಗ್ರೀಕರು ತಿಳಿದಿದ್ದರು. ಈ ಭೇದವನ್ನು ಹೇಳಿಕೊಡುವ ಉಪಾಧ್ಯಾಯರ ಪಾಠವನ್ನು ಮಗು ಮರೆಯಲಾರದು.

ಇನ್ನು ಈ ಸೀಮೆಯ ಕನ್ನಡದ ಕಡೆಗೆ ತಿರುಗಿದರೆ ಕಾಣುವ ಸಂಪತ್ತು ಸಣ್ಣದಲ್ಲ. ಭತ್ತದ ಪೈರನ್ನು ಕುಡುಗೋಲಿನಿಂದ ಕೊಯ್ದು ಹಿಡಿಹಿಡಿಯಾಗಿ ನೆಲಕ್ಕೆ ಮಲಗಿಸಿದರೆ ಅದು ಅರಿ. ಅರಿಗಳನ್ನು ಕೂಡಿಸಿ ಕಟ್ಟಿದರೆ ಸಿವುಡು ಅಥವಾ ಕಟ್ಟು. ಕಟ್ಟುಗಳನ್ನು ತಲೆಗೇರಿಸಿದರೆ ಹೊರೆ. ಹೊರೆಗಳು ಕಣದ ಬಳಿ ಒಟ್ಟಿದಾಗ, ಊರಿನ ರೂಢಿಯಂತೆ, ಮೆದೆ ಅಥವಾ ಬಣವೆ. ಮೇಟಿಕಂಬದ ಸುತ್ತ ಎತ್ತುಗಳನ್ನು ಸಾಲಾಗಿ ಹೂಡಿ ತುಳಿಸುವಾಗ ಆ ಎತ್ತುಗಳ ಸಾಲು ಹಂತಿ. ಹಂತಿಯ ಹಿಂದೆ ನಡೆಯುತ್ತ ಹಾಡಿದ್ದು ಹಂತಿಪದ. ತೂರಿ ಹೊಟ್ಟು ಹಾರಿಸಿ ಉಳಿದ ಕಾಳನ್ನು ಕೂಡಿಸಿದ ಮೇಲೆಯೇ ಅದು ರಾಶಿ. ರಾಶಿಗೆ ಪೂಜೆ ಸಂದ ಮೇಲೆ ಅಳೆಯುವವನು ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎನ್ನುತ್ತಾನೆ. ಆಮೇಲೆ ಎರಡು, ಮೂರು. ಅಳೆದದ್ದು ಚೀಲ ಸೇರಿದರೆ ಮೂಟೆ, ನೆಲದೊಳಗೆ ಸೇರಿದರೆ ಹಗೇವು, ಮನೆಯೊಳಗೆ ಸೇರಿದರೆ ಕಣಜ. ಒಂದೇ ಭತ್ತವು ಹೊಲದಿಂದ ಮನೆಗೆ ಬರುವಷ್ಟರಲ್ಲಿ ಇಷ್ಟು ಹೆಸರುಗಳನ್ನು ಹೊತ್ತು ಇಳಿಸುತ್ತದೆ. ಪ್ರತಿಯೊಂದು ಹೆಸರೂ ದುಡಿಮೆಯ ಒಂದೊಂದು ಹಂತದ ಗುರುತು.

ಈ ಪದಗಳ ರಚನೆಯಲ್ಲಿ ಇನ್ನೊಂದು ಸ್ವಾರಸ್ಯವನ್ನು ಗಮನಿಸಬಹುದು. ಕನ್ನಡದ ಸಮೂಹಪದಗಳಲ್ಲಿ ಅನೇಕವು ಕ್ರಿಯೆಯಿಂದ ಹುಟ್ಟಿದವು. ಅರಿದದ್ದು ಅರಿ, ಕಟ್ಟಿದ್ದು ಕಟ್ಟು, ಹೊತ್ತದ್ದು ಹೊರೆ, ಹಿಡಿದದ್ದು ಹಿಡಿ, ಒಟ್ಟಿದ್ದು ಒಟ್ಟಿಲು, ಕೂಡಿದ್ದು ಕೂಟ, ನೆರೆದದ್ದು ನೆರವಿ. ಕೈಯೇನು ಮಾಡಿತು ಎಂಬುದನ್ನು ಪದವೇ ಹೇಳುತ್ತದೆ. ಲೆಕ್ಕದ ಪುಸ್ತಕದಲ್ಲಿ ಮಕ್ಕಳು ಬರೆಯುವ ಒಟ್ಟು ಎಂಬ ಮಾತಿನ ಬೆನ್ನಿಗೆ ಕಟ್ಟಿಗೆ ಒಟ್ಟುವ ಕೈಯಿದೆ. ಅಂಗಡಿಯ ಚೀಟಿಯ ಕೊನೆಯಲ್ಲಿ ಬರುವ ಮೊತ್ತವು ಹಳಗನ್ನಡದಲ್ಲಿ ಗುಂಪು, ರಾಶಿ ಎಂಬ ಅರ್ಥದ ಪದ. ಗಡಣ, ತಂಡ, ನೆರವಿ, ಮೊತ್ತಗಳನ್ನು ಹಳೆಯ ಕಾವ್ಯದಲ್ಲಿ ಓದಿ ಅರ್ಥಕ್ಕಾಗಿ ಟಿಪ್ಪಣಿಯನ್ನು ಹುಡುಕುವ ವಿದ್ಯಾರ್ಥಿಗೆ ಅವು ಮನೆಯ ಮಾತಿನ ಬಂಧುಗಳೆಂದು ತೋರಿಸಿಕೊಟ್ಟರೆ ಕಾವ್ಯವೂ ಹತ್ತಿರವಾಗುತ್ತದೆ.

ಹಂತಿ ಎಂಬುದು ಪಂಕ್ತಿಯ ತದ್ಭವ. ಮಠದ ದಾಸೋಹದಲ್ಲಿ ಪ್ರಸಾದಕ್ಕೆ ಕುಳಿತ ಮಕ್ಕಳ ಸಾಲು ಪಂಕ್ತಿ, ಕಣದಲ್ಲಿ ತುಳಿಯುವ ಎತ್ತುಗಳ ಸಾಲು ಹಂತಿ. ಅನ್ನವನ್ನು ಬೇರ್ಪಡಿಸುವ ಸಾಲಿಗೂ ಅನ್ನವನ್ನು ಉಣ್ಣುವ ಸಾಲಿಗೂ ಒಂದೇ ಪದವು ಎರಡು ರೂಪಗಳಲ್ಲಿ ಸಂದಿರುವುದನ್ನು ಉಚಿತ ಪ್ರಸಾದನಿಲಯದಲ್ಲಿ ಬೆಳೆಯುವ ವಿದ್ಯಾರ್ಥಿಗೆ ತಿಳಿಸತಕ್ಕದ್ದಲ್ಲವೆ?

ದಾವಣಗೆರೆಯ ಹೆಸರಿನಲ್ಲಿಯೇ ಒಂದು ಸಮೂಹಪದವಿದೆ ಎಂಬ ಪ್ರತೀತಿಯುಂಟು. ದನಕುದುರೆಗಳನ್ನು ಸಾಲಾಗಿ ಕಟ್ಟುವ ಉದ್ದನೆಯ ಹಗ್ಗವೂ, ಹಾಗೆ ಕಟ್ಟಿದ ಸಾಲೂ ದಾವಣಿ ಎನಿಸುತ್ತವೆ. ದಾವಣಿಯಿದ್ದ ಕೆರೆಯೇ ದಾವಣಗೆರೆಯಾಯಿತೆಂದು ಕೆಲವರು ಹೇಳುತ್ತಾರೆ. ಊರ ಹೆಸರುಗಳ ವ್ಯುತ್ಪತ್ತಿಯಲ್ಲಿ ಬೇರೆ ಮತಗಳೂ ಇರುವುದರಿಂದ ಅದನ್ನು ಸಿದ್ಧಾಂತವೆಂದು ಹಿಡಿಯಬೇಕಾಗಿಲ್ಲ. ಆದರೆ ದನದ ಜಾತ್ರೆಗಳಲ್ಲಿ ಇಂದಿಗೂ ಕೇಳಿಬರುವ ದಾವಣಿ ಎಂಬ ಪದವನ್ನು ಆ ಊರಿನ ಮಕ್ಕಳೇ ಅರಿಯದೆ ಹೋಗುವುದು ಮಾತ್ರ ಶೋಚನೀಯ. ತಿಪ್ಪೆಯೆಂಬ ಪದವೂ ಹಾಗೆಯೇ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ಒಮ್ಮೆ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪಮ್ಮ ಎಂದು ಹೆಸರಿಡುವ ರೂಢಿ ಈ ಭಾಗದಲ್ಲಿತ್ತು. ಗೊಬ್ಬರದ ಗುಡ್ಡೆಗೆ ಬಾಳಿನ ಆಸೆಯನ್ನು ಒಪ್ಪಿಸಿದ ಜನರ ಮನಸ್ಸನ್ನು ಹೀಪ್ ಎಂಬ ಒಂದು ಪದದಿಂದ ತಿಳಿಸಲು ಬಾರದು.

ಪೇಟೆಯ ಕಡೆಗೆ ಬಂದರೆ ಮಾತು ಮತ್ತೊಂದು ಬಗೆಯದು. ಹತ್ತಿಯ ಊರೆಂದೂ ಕರ್ನಾಟಕದ ಮ್ಯಾಂಚೆಸ್ಟರೆಂದೂ ಹೆಸರಾಗಿದ್ದ ದಾವಣಗೆರೆಗೆ ಹಳ್ಳಿಗಳಿಂದ ಅರಳೆಯು ಅಂಡಿಗೆಗಳಲ್ಲಿ ಬರುತ್ತಿತ್ತು. ಒತ್ತುಯಂತ್ರದಿಂದ ಹೊರಟಾಗ ಅದೇ ಬೇಲ್ ಆಗುತ್ತಿತ್ತು. ನೂಲು ಲಡಿಗಳಾಗಿ ಸುತ್ತಿಕೊಳ್ಳುತ್ತಿತ್ತು. ಇಂಗ್ಲಿಷರು ಹ್ಯಾಂಕ್ ಎಂದು ಕರೆದ ನೂಲಿನ ಲಡಿಗೆ ಗೊತ್ತಾದ ಉದ್ದವಿದೆ, 840 ಗಜ. ಒಂದು ಪೌಂಡು ನೂಲಿನಲ್ಲಿ ಅಂಥ ಎಷ್ಟು ಲಡಿಗಳಿವೆಯೋ ಅಷ್ಟು ಆ ನೂಲಿನ ನಂಬರು. 40ನೆಯ ನಂಬರು 20ಕ್ಕಿಂತ ನಯವೆಂಬುದು ಗಿರಣಿಯ ಕೆಲಸಗಾರನಿಗೆ ಬೆರಳ ತುದಿಯಲ್ಲಿತ್ತು. ಕಂತೆಯ ಹೆಸರೊಂದು ಹೇಗೆ ಖಚಿತವಾದ ಅಳತೆಯಾಗಿ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಗಿರಣಿಗಳಲ್ಲಿ ಬಹುಪಾಲು ಮುಚ್ಚಿದುವು. ಅವುಗಳೊಂದಿಗೆ ಆ ಮಾತುಗಳೂ ಮುದುಕರ ಬಾಯಿಗೆ ಸೇರಿದುವು.

ಇಂಗ್ಲಿಷಿನ ಪದಗಳು ಇಲ್ಲಿಯ ದುಡಿಯುವ ಜನರಿಗೆ ಅನ್ಯವಾದುವೇನೂ ಅಲ್ಲ. ಮರಳಿನ ಲೋಡು, ಬೀಡಿಯ ಬಂಡಲು, ಹರಾಜಿಗಿಟ್ಟ ಮೆಕ್ಕೆಜೋಳದ ಲಾಟು, ಬಾಳೆಹಣ್ಣಿನ ಡಜನ್ನು ಇವನ್ನು ಯಾವ ಶಾಲೆಯೂ ಕಲಿಸಲಿಲ್ಲ. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಇಂದು ನಡೆಯುತ್ತಿಲ್ಲ. ಆದರೆ ಅಂಥ ಕಾರ್ಖಾನೆಗಳ ದಿನಗಳಲ್ಲಿ ಬ್ಯಾಚು, ಸೆಟ್ಟು, ಶಿಫ್ಟುಗಳು ಸುತ್ತಲಿನ ಹಳ್ಳಿಗಳ ಮಾತಿಗೆ ಬಂದು, ಪಾಳಿ ಎಂಬ ಹಳೆಯ ಮಾತಿನ ಪಕ್ಕದಲ್ಲಿ ಕುಳಿತುವು. ಕೆಲಸದೊಂದಿಗೆ ಬಂದ ಪದವು ನಾಲಗೆಯಲ್ಲಿ ನಿಂತಿತು. ಪಟ್ಟಿಯೊಂದಿಗೆ ಬಂದ ಪದವು ಪರೀಕ್ಷೆಯ ಮರುದಿನ ಮರೆಯಿತು. ಭಾಷೆಯನ್ನು ಕಲಿಸುವವರು ಇದರಿಂದ ತಿಳಿದುಕೊಳ್ಳಬೇಕಾದುದು ಬಹಳವಿದೆ.

ಇಂದು ಭತ್ತದ ಬಯಲುಗಳಲ್ಲಿ ಕೊಯ್ಲಿನ ಯಂತ್ರವು ಕೊಯ್ದು, ಬಡಿದು, ತೂರಿ, ಕಾಳನ್ನು ನೇರವಾಗಿ ಟ್ರ್ಯಾಕ್ಟರಿಗೆ ಸುರಿಯುತ್ತದೆ. ಅರಿ, ಸಿವುಡು, ಹೊರೆ, ಮೆದೆ, ಹಂತಿ ಎಂಬ ಐದು ಹಂತಗಳು ಒಂದೇ ಗಂಟೆಯಲ್ಲಿ ಇಲ್ಲವಾಗುತ್ತವೆ. ಇದಕ್ಕಾಗಿ ಯಂತ್ರವನ್ನು ಹಳಿಯುವುದು ನ್ಯಾಯವಲ್ಲ. ನಡುಮುರಿಯುವಂತೆ ಬಾಗಿ ಕೊಯ್ದವರಿಗೆ, ಕುತ್ತಿಗೆ ಕುಸಿಯುವಂತೆ ಹೊರೆ ಹೊತ್ತವರಿಗೆ ಅದರ ಉಪಕಾರವೇನೆಂಬುದು ಗೊತ್ತು. ಹೊರೆಯನ್ನು ಹೊರಲೇಬೇಕೆಂದು ಯಾರೂ ಹೇಳಲಾರರು. ಆದರೆ ಹೊರೆಯಿಳಿದ ಮನೆಯ ಮಕ್ಕಳಿಗೆ ಹೊರೆ ಎಂದರೇನೆಂಬುದು ತಿಳಿಯದೆ ಹೋದರೆ ಅಜ್ಜ ಅಜ್ಜಿಯರ ಬಾಳು ಅವರಿಗೆ ಅರ್ಥವಾಗದ ಕತೆಯಾಗುತ್ತದೆ. ದುಡಿಮೆಯು ಹಿಂದೆ ಸರಿದಾಗ ಅದರ ಮಾತನ್ನು ಜತನ ಮಾಡುವ ಕೆಲಸವು ಮನೆಯಿಂದ ಶಾಲೆಗೆ ಬರುತ್ತದೆ.

ಇದಕ್ಕೆ ಆಕ್ಷೇಪಣೆಗಳು ಏಳುವುದು ಸಹಜ. ಇಂಗ್ಲಿಷು ಅನ್ನದ ಭಾಷೆ. ಬಡವರ ಮಕ್ಕಳಿಗೆ ಮೇಲೇರುವ ಮೆಟ್ಟಿಲು ಅದು. ಸಿವುಡು ಮೆದೆಗಳನ್ನು ಕಲಿತವನಿಗೆ ಕೆಲಸ ಕೊಡುವವರಾರು ಎಂದು ಪೋಷಕರು ಕೇಳುತ್ತಾರೆ. ಅವರ ಆತಂಕವನ್ನು ಹಗುರಾಗಿ ಕಾಣಬಾರದು. ತಮ್ಮ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸಿ, ಊರವರ ಮಕ್ಕಳಿಗೆ ಕನ್ನಡಾಭಿಮಾನವನ್ನು ಬೋಧಿಸುವವರ ಮಾತು ತಿಪ್ಪೆ ಸಾರಿಸುವ ಮಾತೆಂದು ಜನರಿಗೆ ಗೊತ್ತಿದೆ. ಇಂಗ್ಲಿಷನ್ನು ಚೆನ್ನಾಗಿಯೇ ಕಲಿಸಬೇಕು. ಪ್ರಶ್ನೆಯಿರುವುದು ಕಲಿಸುವ ಬಗೆಯಲ್ಲಿ. ಸುರಿದ ಗುಡ್ಡೆಗೂ ಪೇರಿಸಿದ ಒಟ್ಟಿಲಿಗೂ ಭೇದವನ್ನು ಮನೆಯಲ್ಲಿಯೇ ಕಂಡ ಮಗುವಿಗೆ ಹೀಪ್ ಮತ್ತು ಸ್ಟ್ಯಾಕ್‌ಗಳ ಭೇದವು ಒಂದೇ ಸಲಕ್ಕೆ ತಿಳಿಯುತ್ತದೆ. ಬಾಳೆಯ ಗೊನೆಯನ್ನೂ ಅದರ ಚಿಪ್ಪನ್ನೂ ಬಲ್ಲ ಮಗುವಿಗೆ ಇಂಗ್ಲಿಷರು ಗೊನೆಗೆ ಬಂಚ್ ಎಂದು, ಚಿಪ್ಪಿಗೆ ಹ್ಯಾಂಡ್, ಅಂದರೆ ಕೈ, ಎಂದು ಕರೆಯುವುದನ್ನು ಹೇಳಿದರೆ ನಕ್ಕು ನೆನಪಿಡುತ್ತದೆ. ತನ್ನ ಮಾತಿನಲ್ಲಿ ಭೇದವನ್ನು ಕಾಣದ ಮಗುವಿಗೆ ಪರಭಾಷೆಯ ಭೇದವು ಬರಿಯ ಸದ್ದು.

ವ್ಯಾಕರಣದಲ್ಲಿಯೂ ಈ ಹೋಲಿಕೆಯು ಉಪಯುಕ್ತ. ತಂಡವನ್ನು ಒಂದೆಂದು ಎಣಿಸಬೇಕೆ, ಹಲವೆಂದು ಎಣಿಸಬೇಕೆ ಎಂಬುದರಲ್ಲಿ ಇಂಗ್ಲಿಷರಲ್ಲಿಯೇ ಒಮ್ಮತವಿಲ್ಲ. ಅಮೆರಿಕದವರು ಸಾಮಾನ್ಯವಾಗಿ ಏಕವಚನದ ಕ್ರಿಯಾಪದವನ್ನು ಬಳಸಿದರೆ ಬ್ರಿಟನ್ನಿನವರು ಬಹುವಚನವನ್ನೂ ಬಳಸುತ್ತಾರೆ. ಈ ತೊಡಕನ್ನು ಕಂಡು ಮಕ್ಕಳು ಕಂಗೆಡುತ್ತಾರೆ. ಆದರೆ ಜನ ಸೇರಿತು ಎಂದೂ, ಜನ ಸೇರಿದರು ಎಂದೂ ಅವರೇ ದಿನವೂ ಆಡುತ್ತಿರುತ್ತಾರೆ. ಒಟ್ಟಾಗಿ ಕಂಡಾಗ ಸೇರಿತು, ಬೇರೆಬೇರೆ ಮುಖಗಳಾಗಿ ಕಂಡಾಗ ಸೇರಿದರು. ಕನ್ನಡದ ಈ ಮಾತನ್ನು ಎದುರಿಗಿಟ್ಟರೆ ಇಂಗ್ಲಿಷಿನ ತೊಡಕು ಅರ್ಧ ಬಿಡಿಸಿದಂತೆಯೇ.

ಭಾಷೆಯ ಪಾಠಕ್ಕೆ ಮಾತ್ರವೇ ಇದರ ಪ್ರಯೋಜನವೆಂದು ತಿಳಿಯಬೇಕಾಗಿಲ್ಲ. ಎಷ್ಟು ಕಾಳು ಸೇರಿದರೆ ಒಂದು ರಾಶಿ ಎಂಬ ಪ್ರಶ್ನೆಯನ್ನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ತತ್ತ್ವಜ್ಞಾನಿಯಾದ ಯೂಬ್ಯುಲಿಡೀಸನ ಹೆಸರಿನೊಡನೆ ಹೇಳುವ ಸಂಪ್ರದಾಯವಿದೆ. ಒಂದು ಕಾಳು ರಾಶಿಯಲ್ಲ, ಎರಡೂ ಅಲ್ಲ. ಒಂದೊಂದಾಗಿ ಸೇರಿಸುತ್ತ ಹೋದರೆ ಯಾವ ಕಾಳಿನಿಂದ ಅದು ರಾಶಿಯಾಯಿತು ಎಂಬ ಆ ಪ್ರಶ್ನೆಗೆ ತಾರ್ಕಿಕರು ಇಂದಿಗೂ ಒಮ್ಮತದ ಉತ್ತರವನ್ನು ಕೊಟ್ಟಿಲ್ಲ. ಕಣದ ರೈತನಿಗೆ ಈ ಪ್ರಶ್ನೆಯು ಏಳುವುದೇ ಇಲ್ಲ; ತೂರಿ, ಕೂಡಿಸಿ, ಪೂಜೆಗೆ ಸಿದ್ಧವಾದದ್ದು ಅವನಿಗೆ ರಾಶಿ. ಎಣಿಕೆಯಿಂದ ಹೆಸರಿಡುವ ಬಗೆ ಒಂದು, ದುಡಿಮೆಯಿಂದ ಹೆಸರಿಡುವ ಬಗೆ ಇನ್ನೊಂದು ಎಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಚರ್ಚಿಸಬಲ್ಲರು.

ಗಣಿತದ ಉಪಾಧ್ಯಾಯರಿಗೂ ಇಲ್ಲಿ ಕೆಲಸವಿದೆ. ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ಲೀಲಾವತಿಯಲ್ಲಿ ರಾಶಿವ್ಯವಹಾರ ಎಂಬ ಪ್ರಕರಣವೇ ಉಂಟು. ನೆಲದ ಮೇಲೆ ಸುರಿದ ಧಾನ್ಯದ ರಾಶಿಯ ಗಾತ್ರವನ್ನು ತಿಳಿಯಲು ಅದರ ಸುತ್ತಳತೆಯ ಆರನೆಯ ಒಂದು ಭಾಗವನ್ನು ವರ್ಗಮಾಡಿ ಎತ್ತರದಿಂದ ಗುಣಿಸಬೇಕೆಂಬುದು ಅಲ್ಲಿಯ ವಿಧಾನ. ಎತ್ತರವು ಧಾನ್ಯದ ಜಾತಿಯನ್ನು ಅವಲಂಬಿಸುತ್ತದೆ: ದಪ್ಪ ಕಾಳಾದರೆ ಸುತ್ತಳತೆಯ ಹತ್ತನೆಯ ಒಂದು ಭಾಗ, ಸಣ್ಣ ಕಾಳಾದರೆ ಹನ್ನೊಂದನೆಯ ಒಂದು ಭಾಗ, ಮುಳ್ಳುಳ್ಳ ಧಾನ್ಯವಾದರೆ ಒಂಬತ್ತನೆಯ ಒಂದು ಭಾಗ. ಸುತ್ತಳತೆ 18 ಅಡಿ, ಎತ್ತರ 2 ಅಡಿಯ ರಾಶಿಯಿದೆಯೆಂದು ಇಟ್ಟುಕೊಂಡರೆ 18ರ ಆರನೆಯ ಭಾಗ 3, ಅದರ ವರ್ಗ 9, ಎತ್ತರದಿಂದ ಗುಣಿಸಿದರೆ 18 ಘನ ಅಡಿ. ಇಂದಿನ ಶಂಕುವಿನ ಸೂತ್ರದಂತೆ ಲೆಕ್ಕ ಹಾಕಿದರೆ ಸುಮಾರು 17.2 ಘನ ಅಡಿ ಬರುತ್ತದೆ. ವೃತ್ತದ ಸುತ್ತಳತೆಯನ್ನು ವ್ಯಾಸದ ಮೂರರಷ್ಟೆಂದು ಸ್ಥೂಲವಾಗಿ ಹಿಡಿದದ್ದರಿಂದ ಇಷ್ಟು ಅಂತರ. ಕೈಯಲ್ಲಿ ಒಂದು ದಾರ, ಒಂದು ಕೋಲು ಹಿಡಿದ ಮಕ್ಕಳು ದಾವಣಗೆರೆಯ ಮಾರುಕಟ್ಟೆಯ ಪ್ರಾಂಗಣದಲ್ಲಿ ಒಣಗುವ ಮೆಕ್ಕೆಜೋಳದ ರಾಶಿಯನ್ನು ಅಳೆದು, ಬಳಿಕ ತೂಕದ ಲೆಕ್ಕದೊಂದಿಗೆ ಹೋಲಿಸಿದರೆ ಅಂದಿನ ಪಾಠವು ಬಾಳಿನ ಪಾಠವಾಗುತ್ತದೆ. ಹಮಾಲರ ಮಗು ಆ ದಿನ ತರಗತಿಯ ಮುಂದಾಳಾಗುತ್ತದೆ.

ಆದುದರಿಂದ ಈ ಬಗೆಯ ಸಂಸ್ಥೆಗಳು ಕೈಗೊಳ್ಳಬಹುದಾದ ಕೆಲವು ಕಾರ್ಯಗಳನ್ನು ಸೂಚಿಸುವುದು ಅನುಚಿತವಾಗಲಾರದು. ಉಪಾಧ್ಯಾಯರು ಇಂಗ್ಲಿಷಿನ ಪಟ್ಟಿಯನ್ನು ಎರಡಾಗಿ ವಿಂಗಡಿಸಿ, ದಿನಬಳಕೆಯ ಪದಗಳನ್ನು ಚೆನ್ನಾಗಿ ಕಲಿಸಿ, ಬೇಟೆಯ ವಿನೋದದ ಪದಗಳನ್ನು ಕತೆಯಾಗಿ ಹೇಳಿ ಬಿಡಬಹುದು. ಪರೀಕ್ಷೆಯಲ್ಲಿ ಬಿಟ್ಟ ಸ್ಥಳವನ್ನು ತುಂಬಿಸುವ ಬದಲು ಒಂದು ಚಿತ್ರವನ್ನು ಕೊಟ್ಟು ಎರಡು ಭಾಷೆಗಳಲ್ಲಿಯೂ ಅದಕ್ಕೆ ಸಲ್ಲುವ ಪದವನ್ನು ಬರೆದು ಕಾರಣವನ್ನು ಹೇಳೆಂದು ಕೇಳಬಹುದು. ಪ್ರತಿಯೊಬ್ಬ ವಿದ್ಯಾರ್ಥಿಯೂ ಸುಗ್ಗಿಯ ರಜೆಯಲ್ಲಿ ಮನೆಯ ಹಿರಿಯರನ್ನು ಕೇಳಿ ಕೂಟಗಳ ಇಪ್ಪತ್ತು ಹೆಸರುಗಳನ್ನು ಊರು, ಕಸುಬುಗಳ ಸಹಿತ ಬರೆದು ತರಲಿ. ಕಿಟೆಲರು 1894ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ನಿಘಂಟನ್ನೂ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನೂ ಪುಸ್ತಕಭಂಡಾರದ ಬೀರುವಿನಿಂದ ಹೊರತೆಗೆದು ಆ ಪದಗಳನ್ನು ಅವುಗಳೊಡನೆ ತಾಳೆ ನೋಡಲಿ. ನಿಘಂಟಿನಲ್ಲಿ ಇಲ್ಲದ ಒಂದು ಪದವು ಅಜ್ಜಿಯ ಬಾಯಲ್ಲಿ ಸಿಕ್ಕಿದ ದಿನ ಆ ಮಗುವಿಗೆ ಆಗುವ ಹಿಗ್ಗನ್ನು ಯಾವ ಬಹುಮಾನವೂ ಕೊಡಲಾರದು.

ಹಳೆಯ ವಿದ್ಯಾರ್ಥಿಗಳಲ್ಲಿ ದಲ್ಲಾಳಿ ಅಂಗಡಿಯವರಿದ್ದಾರೆ, ಅಕ್ಕಿಗಿರಣಿಯವರಿದ್ದಾರೆ, ಮಂಡಕ್ಕಿ ಭಟ್ಟಿಯವರಿದ್ದಾರೆ, ಹೂವಿನ ವ್ಯಾಪಾರದವರಿದ್ದಾರೆ. ವರ್ಷಕ್ಕೊಂದು ದಿನ ತಮ್ಮ ಅಂಗಡಿ, ಕಣ, ಭಟ್ಟಿಗಳ ಬಾಗಿಲನ್ನು ಮಕ್ಕಳಿಗೆ ತೆರೆದು, ಮೊಳ, ಮಾರು, ದಂಡೆ, ಸೇರು, ಚೀಲಗಳ ಲೆಕ್ಕವನ್ನು ತಮ್ಮ ಬಾಯಿಂದಲೇ ಹೇಳಿದರೆ ಅದು ಕಲಿತ ಶಾಲೆಗೆ ಸಲ್ಲಿಸುವ ಋಣ. 1956ರ ಕಾಯಿದೆಯ ಬಳಿಕ ಮೆಟ್ರಿಕ್ ಪದ್ಧತಿಯು ಬಂದು ಖಂಡುಗ, ಕೊಳಗ, ಬಳ್ಳಗಳು ವ್ಯವಹಾರದಿಂದ ಸರಿದುವು. ಲೆಕ್ಕ ಸುಲಭವಾದದ್ದು ಒಳ್ಳೆಯದೇ ಆಯಿತು. ಆದರೆ ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬುದನ್ನು ಬಲ್ಲವರು ಇರುವಾಗಲೇ ಬರೆದಿಡುವುದು ಕ್ಷೇಮ. ದಾನಿಗಳು ಕಟ್ಟಡಕ್ಕೆ ಕೊಡುವ ಹಣದ ಒಂದು ಸಣ್ಣ ಭಾಗವನ್ನು, ಮಕ್ಕಳು ಸಂಗ್ರಹಿಸಿದ ಪದಗಳ ಒಂದು ಕಿರುಹೊತ್ತಿಗೆಯ ಮುದ್ರಣಕ್ಕೆ ಮೀಸಲಿರಿಸಿದರೆ ಆ ದಾನವು ಸುಣ್ಣಬಣ್ಣ ಮಾಸಿದ ಮೇಲೂ ಉಳಿಯುತ್ತದೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳವೆಂಬ ಗಾದೆಯು ಪದಸಂಗ್ರಹಕ್ಕೂ ಸಲ್ಲತಕ್ಕದ್ದು.

ಈ ಸೀಮೆಯು ಕೂಡುವುದರ ಅರ್ಥವನ್ನು ಬಹಳ ಹಿಂದೆಯೇ ಅರಿತ ಸೀಮೆ. ಮೇಲ್ಗಡೆ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡಿದುವು. ಕೂಡಿದ ಹೊಳೆಯು ಎರಡು ಹೆಸರುಗಳನ್ನೂ ಉಳಿಸಿಕೊಂಡು ತುಂಗಭದ್ರೆಯಾಗಿ ಹರಿಹರಕ್ಕೆ ಬಂದಿತು. ಹೊಯ್ಸಳರ ದಂಡನಾಯಕ ಪೋಳಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ ಒಂದೇ ವಿಗ್ರಹದ ಒಂದು ಪಾರ್ಶ್ವ ಹರಿ, ಒಂದು ಪಾರ್ಶ್ವ ಹರ. ಕೂಡಿದರೂ ಇಬ್ಬರ ಲಾಂಛನಗಳೂ ಅಳಿಯಲಿಲ್ಲ. ಕೃಷ್ಣೆ ಮಲಪ್ರಭೆಗಳು ಸೇರುವ ಕೂಡಲಸಂಗಮದ ಹೆಸರಿನಲ್ಲಿ ಕೂಡಲವೂ ಇದೆ, ಸಂಗಮವೂ ಇದೆ; ಕನ್ನಡವೂ ಸಂಸ್ಕೃತವೂ ಒಂದೇ ಅರ್ಥವನ್ನು ಎರಡು ಸಲ ನುಡಿದು ಒಂದಾಗಿವೆ. ಶಾಲೆಯಲ್ಲಿ ಕನ್ನಡವೂ ಇಂಗ್ಲಿಷೂ ಇದೇ ರೀತಿಯಲ್ಲಿ ಕೂಡಬೇಕು. ಒಂದರ ಮೇಲೊಂದನ್ನು ಸುರಿದು ಅಡಿಯದನ್ನು ಕಾಣದಂತೆ ಮಾಡುವುದು ವಿದ್ಯೆಯ ಕ್ರಮವಲ್ಲ.

ಮುಂದಿನ ಸುಗ್ಗಿಗೆ ಇನ್ನು ಕೆಲವೇ ತಿಂಗಳುಗಳಿವೆ. ಅಷ್ಟರೊಳಗೆ ಒಂದು ಶಾಲೆಯ ಒಂದು ತರಗತಿಯಾದರೂ ಈ ಕೆಲಸಕ್ಕೆ ಕೈಹಚ್ಚಿದರೆ, ಮಕ್ಕಳ ಮೊದಲ ಕಂತೆ ಪದಗಳನ್ನು ಅಳೆದು ಲಾಭವೆಂದು ಎಣಿಕೆಯನ್ನು ಆರಂಭಿಸಬಹುದು.